ಬೆನ್ಯಾಮೀನ: ಎರಡು ಹೆಸರು ಪಡೆದ ಮಗು

ಮನೆಯಲ್ಲಿ ಮಗು ಹುಟ್ಟಿದಾಗ ಅದಕ್ಕೆ ಏನೆಂದು ಹೆಸರಿಡಬೇಕೆಂಬ ವಿಚಾರದಲ್ಲಿ ಹಿರಿಯರಿಗೂ ಕಿರಿಯರಿಗೂ ಸಣ್ಣದೊಂದು ವಾಗ್ವಾದ ನಡೆಯುವುದು ನಮ್ಮಲ್ಲಿ ವಾಡಿಕೆಯಷ್ಟೆ. ಅಜ್ಜನ ಹೆಸರೆ, ಕುಲದೇವರ ಹೆಸರೆ, ನಕ್ಷತ್ರಕ್ಕೆ ಒಪ್ಪುವ ಹೆಸರೆ ಎಂದು ಮಾತು ಬೆಳೆದು, ಕಡೆಗೆ ನಾಮಕರಣದ ದಿನ ಎರಡು ಮೂರು ಹೆಸರುಗಳನ್ನು ಅಕ್ಕಿಯ ಮೇಲೆ ಬರೆದು ಎಲ್ಲರನ್ನೂ ಸಮಾಧಾನಪಡಿಸುವುದುಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ತಾಯಿಯು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪಯ್ಯನೆಂದು ಕರೆದು, ಮೃತ್ಯುವಿನ ಕಣ್ಣು ತಪ್ಪಿಸಲು ಯತ್ನಿಸುತ್ತಿದ್ದಳು. ಆದಕಾರಣ ಹೆಸರೆಂಬುದು ಬರಿಯ ಗುರುತಲ್ಲ. ಹೆತ್ತವರ ಆಸೆಯೂ ಭಯವೂ ಅದರಲ್ಲಿ ಅಡಗಿರುತ್ತವೆ.

ಇಂದು ನಾನು ವಿವರಿಸಬೇಕೆಂದಿರುವುದು ಪರದೇಶದ ಒಂದು ಗಂಡುಮಗುವಿನ ಹೆಸರನ್ನು. ಅದು ಹೀಬ್ರೂ ಭಾಷೆಯ ಬೆನ್ಯಾಮೀನ ಎಂಬ ಹೆಸರು. ಇಂಗ್ಲಿಷ್ ಬಲ್ಲವರಿಗೆ ಇದು ಬೆಂಜಮಿನ್ ಎಂಬ ರೂಪದಲ್ಲಿ ಚಿರಪರಿಚಿತವಾದದ್ದು. ಮಿಂಚಿನ ರಹಸ್ಯವನ್ನು ಶೋಧಿಸಿದ ಫ್ರಾಂಕ್ಲಿನ್, ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದ ಡಿಸ್ರೇಲಿ, ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿದ ರೈಸ್, ಇವರೆಲ್ಲರೂ ಬೆಂಜಮಿನ್ನರೇ. ಆದರೆ ಈ ಹೆಸರು ಮೊಟ್ಟಮೊದಲು ಒಂದು ಮಗುವಿಗೆ ದೊರೆತ ಕಥೆಯನ್ನು ಓದಿದರೆ, ಅಲ್ಲಿ ಹಬ್ಬವಿಲ್ಲ, ತೊಟ್ಟಿಲಿಲ್ಲ. ದಾರಿಯ ಮಗ್ಗುಲಲ್ಲಿ ಸಾಯುತ್ತಿರುವ ಒಬ್ಬ ತಾಯಿ ಇದ್ದಾಳೆ. ಆ ಮಗುವಿಗೆ ಕೆಲವು ಕ್ಷಣಗಳ ಅಂತರದಲ್ಲಿ ತಾಯಿ ಒಂದು ಹೆಸರನ್ನಿಟ್ಟಳು, ತಂದೆ ಇನ್ನೊಂದನ್ನಿಟ್ಟನು.

ಕಥೆಯು ಬೈಬಲ್ಲಿನ ಮೊದಲನೆಯ ಪುಸ್ತಕವಾದ ಆದಿಕಾಂಡದಲ್ಲಿದೆ. ಯೆಹೂದ್ಯರ ಮೂಲಪುರುಷರಲ್ಲಿ ಒಬ್ಬನಾದ ಯಾಕೋಬನು ತನ್ನ ಸೋದರಮಾವನ ಕಿರಿಯ ಮಗಳಾದ ರಾಹೇಲಳನ್ನು ಪ್ರೀತಿಸಿ, ಅವಳಿಗಾಗಿ ಏಳು ವರುಷ ಮಾವನ ಮಂದೆಯನ್ನು ಕಾಯ್ದನು. ಮಾವನು ಮೋಸದಿಂದ ಹಿರಿಯ ಮಗಳಾದ ಲೇಯಳನ್ನು ಕೊಟ್ಟು ಮದುವೆಮಾಡಿದನು. ರಾಹೇಲಳಿಗಾಗಿ ಯಾಕೋಬನು ಮತ್ತೆ ಏಳು ವರುಷ ದುಡಿಯಬೇಕಾಯಿತು. ಲೇಯಳಿಗೆ ಮೇಲಿಂದ ಮೇಲೆ ಮಕ್ಕಳಾದವು. ಪ್ರಿಯಪತ್ನಿಯಾದ ರಾಹೇಲಳು ಬಂಜೆಯಾಗಿ ಉಳಿದಳು. ಮಕ್ಕಳಿಲ್ಲದಿದ್ದರೆ ತಾನು ಸಾಯುವೆನೆಂದು ಅವಳು ಒಮ್ಮೆ ಗಂಡನೆದುರಿಗೆ ಗೋಳಾಡಿದಳು. ಬಹುಕಾಲದ ಮೇಲೆ ಅವಳಿಗೆ ಒಬ್ಬ ಮಗನು ಹುಟ್ಟಲು, ಅವನಿಗೆ ಯೋಸೇಫನೆಂದು ಹೆಸರಿಟ್ಟಳು. ‘ಕೂಡಿಸಲಿ’ ಎಂಬುದು ಆ ಮಾತಿನ ಅರ್ಥ. ದೇವರು ತನಗೆ ಇನ್ನೊಬ್ಬ ಮಗನನ್ನು ಕೂಡಿಸಿಕೊಡಲಿ ಎಂಬ ಬೇಡಿಕೆಯನ್ನೇ ಅವಳು ಮೊದಲ ಮಗನಿಗೆ ಹೆಸರಾಗಿ ಇಟ್ಟಳು.

ಆ ಬೇಡಿಕೆ ಸಫಲವಾಯಿತು. ಆದರೆ ಅವಳ ಪ್ರಾಣವನ್ನು ತೆಗೆದುಕೊಂಡು ಸಫಲವಾಯಿತು. ಯಾಕೋಬನು ಸಂಸಾರಸಮೇತನಾಗಿ ಸ್ವದೇಶಕ್ಕೆ ಹಿಂದಿರುಗಿ, ಬೇತೇಲಿನಿಂದ ಎಫ್ರಾತದ ಕಡೆಗೆ ಪ್ರಯಾಣ ಮಾಡುತ್ತಿರುವಾಗ ರಾಹೇಲಳಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ಹೆರಿಗೆ ಬಹು ಕಠಿಣವಾಯಿತು. ಹೆದರಬೇಡ, ಇದೂ ಗಂಡುಮಗುವೇ, ಎಂದು ಸೂಲಗಿತ್ತಿ ಧೈರ್ಯ ಹೇಳಿದಳು. ಪ್ರಾಣ ಹೋಗುತ್ತಿರುವಾಗ ತಾಯಿಯು ಮಗುವನ್ನು ಬೆನೋನಿ ಎಂದು ಕರೆದಳು. ತಂದೆಯಾದರೋ ಅವನನ್ನು ಬೆನ್ಯಾಮೀನ ಎಂದು ಕರೆದನು. ರಾಹೇಲಳನ್ನು ಅಲ್ಲಿಯೇ ದಾರಿಯಲ್ಲಿ ಸಮಾಧಿಮಾಡಿ, ಯಾಕೋಬನು ಅದರ ಮೇಲೆ ಒಂದು ಕಲ್ಲನ್ನು ನಿಲ್ಲಿಸಿ ಮುಂದಕ್ಕೆ ಹೊರಟನು. ಇಷ್ಟೇ ಕಥೆ, ಮೂಲದಲ್ಲಿ ನಾಲ್ಕೈದು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಯಾಕೋಬನ ಉಳಿದ ಹನ್ನೊಂದು ಗಂಡುಮಕ್ಕಳಲ್ಲಿ ಪ್ರತಿಯೊಬ್ಬನ ಹೆಸರಿಗೂ ಲೇಯಳ ಅಥವಾ ರಾಹೇಲಳ ಬಾಯಿಂದ ಬಂದ ಮಾತೇ ಕಾರಣವೆಂದು ಗ್ರಂಥವು ಹೇಳುತ್ತದೆ. ತಾಯಿಯ ಮಾತನ್ನು ತಂದೆ ಬದಲಿಸಿದ್ದು ಈ ಕೊನೆಯ ಮಗನ ವಿಷಯದಲ್ಲಿ ಮಾತ್ರ.

ಇನ್ನು ಶಬ್ದಾರ್ಥವನ್ನು ನೋಡೋಣ. ಹೀಬ್ರೂವಿನಲ್ಲಿ ‘ಬೆನ್’ ಎಂದರೆ ಮಗ. ‘ಓನಿ’ ಎಂಬುದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ ‘ನನ್ನ ದುಃಖ’. ಆದುದರಿಂದ ಬೆನೋನಿ ಎಂದರೆ ನನ್ನ ದುಃಖದ ಮಗ. ಆದರೆ ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ಭಾಷೆಯಲ್ಲಿ ‘ಓನ್’ ಎಂಬ ಇನ್ನೊಂದು ಶಬ್ದಕ್ಕೆ ಶಕ್ತಿ, ಪೌರುಷ ಎಂಬ ಅರ್ಥವೂ ಉಂಟು. ಯಾಕೋಬನು ತನ್ನ ಮುಪ್ಪಿನಲ್ಲಿ ಹಿರಿಯ ಮಗನಾದ ರೂಬೇನನನ್ನು ಕುರಿತು ಮಾತನಾಡುವಾಗ ಈ ಎರಡನೆಯ ಅರ್ಥದಲ್ಲಿ ‘ಓನಿ’ ಎಂಬ ಶಬ್ದವನ್ನೇ ಬಳಸುತ್ತಾನೆ. ಹೀಗೆ ಸಾಯುವ ತಾಯಿಯ ಬಾಯಿಂದ ಹೊರಟ ಒಂದೇ ಮಾತು, ಕೇಳುವವನ ಕಿವಿಗೆ ತಕ್ಕಂತೆ ದುಃಖವೂ ಆಗಬಹುದು, ಬಲವೂ ಆಗಬಹುದು.

ಇನ್ನೊಂದು ಹೆಸರಿನಲ್ಲಿರುವ ‘ಯಾಮೀನ್’ ಎಂದರೆ ಬಲಗೈ. ಬೆನ್ಯಾಮೀನನೆಂದರೆ ಬಲಗೈಯ ಮಗ. 13ನೆಯ ಶತಮಾನದಲ್ಲಿ ಸ್ಪೇನ್ ದೇಶದಲ್ಲಿದ್ದ ನಹ್ಮನೀದನೆಂಬ ಪ್ರಸಿದ್ಧ ವ್ಯಾಖ್ಯಾನಕಾರನು ಈ ಎರಡು ಹೆಸರುಗಳ ಸಂಬಂಧವನ್ನು ಬಹಳ ಸೂಕ್ಷ್ಮವಾಗಿ ವಿವರಿಸಿದ್ದಾನೆ. ತಾಯಿಯು ದುಃಖದ ಅರ್ಥದಲ್ಲಿ ಆಡಿದ ಮಾತನ್ನು ತಂದೆಯು ತಳ್ಳಿಹಾಕಲಿಲ್ಲ. ಅದರಲ್ಲಿ ಅಡಗಿದ್ದ ಶಕ್ತಿಯೆಂಬ ಅರ್ಥವನ್ನು ಎತ್ತಿಕೊಂಡು, ಶಕ್ತಿಯ ನೆಲೆಯಾದ ಬಲಗೈಯ ಹೆಸರಿನಿಂದ ಅದನ್ನು ಮತ್ತೆ ಹೇಳಿದನು ಎಂಬುದು ಅವನ ಅಭಿಪ್ರಾಯ. ಅಂದರೆ ಯಾಕೋಬನು ಹೆಂಡತಿಯ ಕೊನೆಯ ಮಾತನ್ನು ಅಳಿಸಲಿಲ್ಲ, ಅನುವಾದಿಸಿದನು. ಇದನ್ನು ಕನ್ನಡಿಗರಿಗೆ ತಿಳಿಯಹೇಳುವುದು ಸುಲಭ. ಬಲಗೈ, ಬಲಗಡೆ ಎಂಬಲ್ಲಿರುವ ನಮ್ಮ ‘ಬಲ’ ಅಚ್ಚಗನ್ನಡದ್ದು. ಶಕ್ತಿಯೆಂಬ ಅರ್ಥದ ‘ಬಲ’ ಸಂಸ್ಕೃತದಿಂದ ಬಂದದ್ದು. ಕಿವಿಗೆ ಮಾತ್ರ ಎರಡೂ ಒಂದೇ. ಬೆನ್ಯಾಮೀನನನ್ನು ‘ಬಲದ ಮಗ’ ಎಂದು ನಾವು ಕರೆದರೆ, ನಹ್ಮನೀದನು ಬಯಸಿದ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ದೊರೆಯುತ್ತವೆ.

ಆದರೆ ಇದೊಂದೇ ವಿವರಣೆಯಲ್ಲ. ಯೆಹೂದ್ಯರಿಂದ ಬಹು ಹಿಂದೆಯೇ ಬೇರೆಯಾದ ಸಮಾರ್ಯರ ಗ್ರಂಥಪಾಠದಲ್ಲಿ ಈ ಹೆಸರು ‘ಬಿನ್ಯಾಮೀಮ್’ ಎಂದು ಕೊನೆಗೊಳ್ಳುತ್ತದೆ. ‘ಯಾಮೀಮ್’ ಎಂದರೆ ದಿನಗಳು; ದಿನಗಳು ಕಳೆದಮೇಲೆ, ಎಂದರೆ ತಂದೆಯ ಮುಪ್ಪಿನಲ್ಲಿ, ಹುಟ್ಟಿದ ಮಗನೆಂದು ಇದರ ತಾತ್ಪರ್ಯ. ಫ್ರಾನ್ಸಿನ ಟ್ರ್ವಾ ಪಟ್ಟಣದಲ್ಲಿದ್ದ ರಾಷಿ (1040-1105) ಎಂಬ ಪಂಡಿತನು ಈ ಅರ್ಥವನ್ನೂ ಹೇಳಿ, ಅದರ ಜೊತೆಗೆ ಮತ್ತೊಂದನ್ನು ಹೇಳಿದ್ದಾನೆ. ಯಾಕೋಬನ ಉಳಿದ ಮಕ್ಕಳೆಲ್ಲ ಉತ್ತರದಲ್ಲಿರುವ ಆರಾಮ್ ದೇಶದಲ್ಲಿ ಹುಟ್ಟಿದವರು. ಇವನೊಬ್ಬನೇ ದಕ್ಷಿಣದ ಕಾನಾನ್ ದೇಶದಲ್ಲಿ ಹುಟ್ಟಿದವನು. ಆದುದರಿಂದ ಇವನು ದಕ್ಷಿಣದ ಮಗ. ಬಲಗೈಗೂ ದಕ್ಷಿಣಕ್ಕೂ ಏನು ಸಂಬಂಧವೆಂದು ಪಾಶ್ಚಾತ್ಯ ವಿದ್ಯಾರ್ಥಿಗೆ ವಿವರಿಸಿ ಹೇಳಬೇಕಾದೀತು, ನಮಗೆ ಬೇಕಾಗಿಲ್ಲ. ಉದಯಸೂರ್ಯನಿಗೆ ಅಭಿಮುಖವಾಗಿ ನಿಂತವನಿಗೆ ಬಲಗಡೆ ಯಾವುದೋ ಅದೇ ದಕ್ಷಿಣ. ಸಂಸ್ಕೃತದಲ್ಲಿ ಪೂರ್ವವೆಂದರೆ ಮುಂದಿನದು, ಪಶ್ಚಿಮವೆಂದರೆ ಹಿಂದಿನದು, ದಕ್ಷಿಣವೆಂದರೆ ಬಲಗಡೆಯದು. ಹೀಬ್ರೂವಿನಲ್ಲಿಯೂ ಮುಂದುಗಡೆಯನ್ನು ಹೇಳುವ ‘ಕೆದೆಮ್’ ಶಬ್ದವೇ ಪೂರ್ವಕ್ಕೆ ಹೆಸರು. ಎಡವನ್ನು ಹೇಳುವ ಶಬ್ದವೇ ಉತ್ತರಕ್ಕೂ, ಬಲವನ್ನು ಹೇಳುವ ಯಾಮೀನ್ ಶಬ್ದವೇ ದಕ್ಷಿಣಕ್ಕೂ ಸಲ್ಲುತ್ತವೆ. ಅರೇಬಿಯದ ತೆಂಕಣ ತುದಿಯಲ್ಲಿರುವ ಯೆಮೆನ್ ದೇಶದ ಹೆಸರು ಇದೇ ಧಾತುವಿನದು. ನಮ್ಮ ದಖನ್ ಎಂಬ ಹೆಸರು ದಕ್ಷಿಣ ಶಬ್ದದಿಂದ ಬಂದದ್ದು. ಎರಡು ಬೇರೆ ಬೇರೆ ಕುಲದ ಭಾಷೆಗಳು, ಒಂದನ್ನೊಂದು ಕೇಳದೆ, ಸೂರ್ಯನನ್ನು ನೋಡಿ ನಿಂತು ತಮ್ಮ ತಮ್ಮ ದಕ್ಷಿಣಕ್ಕೆ ‘ಬಲಗೈಯ ನಾಡು’ ಎಂದು ಹೆಸರಿಟ್ಟಿವೆ.

ರಾಷಿಯು ಊಹಿಸಿದ ಈ ದಿಕ್ಕಿನ ಅರ್ಥಕ್ಕೆ 20ನೆಯ ಶತಮಾನದಲ್ಲಿ ಅನಿರೀಕ್ಷಿತವಾದ ಕಡೆಯಿಂದ ಬೆಂಬಲ ದೊರೆಯಿತು. 1933ರಲ್ಲಿ ಸಿರಿಯದ ಯೂಫ್ರೆಟೀಸ್ ನದಿಯ ಬಳಿ, ಸತ್ತವನೊಬ್ಬನ ಗೋರಿಗೆ ಕಲ್ಲು ಹುಡುಕುತ್ತಿದ್ದ ಅರಬ್ಬರಿಗೆ ಒಂದು ಪುರಾತನ ಶಿಲಾಪ್ರತಿಮೆ ಸಿಕ್ಕಿತು. ಅದೇ ವರುಷ ಫ್ರೆಂಚ್ ವಿದ್ವಾಂಸನಾದ ಆಂದ್ರೆ ಪರೋ ಅಲ್ಲಿ ಉತ್ಖನನವನ್ನು ಆರಂಭಿಸಲು, ಮಾರಿ ಎಂಬ ಪ್ರಾಚೀನ ನಗರವು ಬೆಳಕಿಗೆ ಬಂತು. ಅಲ್ಲಿಯ ಅರಮನೆಯಲ್ಲಿ ಸುಮಾರು 20,000 ಮಣ್ಣಿನ ಫಲಕಗಳು ದೊರೆತವು. ಅವುಗಳಲ್ಲಿ ಬಹುಪಾಲು ಕ್ರಿ. ಪೂ. 18ನೆಯ ಶತಮಾನದ ರಾಜಕಾರ್ಯದ ಕಾಗದಪತ್ರಗಳು. ಮಾರಿಯ ಕಡೆಯ ಅರಸನಾದ ಜಿಮ್ರಿಲಿಮನಿಗೆ ಆಗಾಗ ತೊಂದರೆ ಕೊಡುತ್ತಿದ್ದ ಒಂದು ದನಗಾಹಿ ಜನಾಂಗದ ಹೆಸರು ಅವುಗಳಲ್ಲಿ ಪದೇ ಪದೇ ಬರುತ್ತದೆ. ಆ ಹೆಸರಿನ ಅರ್ಥ ‘ಬಲಗಡೆಯ ಮಕ್ಕಳು’, ಎಂದರೆ ತೆಂಕಣವರು. ಇವರಿಗೆ ಎದುರಾಗಿ ‘ಎಡಗಡೆಯ ಮಕ್ಕಳು’ ಎಂಬ ಬಡಗಣವರೂ ಇದ್ದರು; ಅರಸನು ಈ ಎರಡನೆಯ ಗುಂಪಿಗೆ ಸೇರಿದವನು. ಬೈಬಲ್ಲಿನ ಬೆನ್ಯಾಮೀನರೇ ಇವರೆಂದು ಮೊದಮೊದಲು ಕೆಲವರು ಸಂಭ್ರಮಪಟ್ಟರು. ಅನಂತರ ವಿದ್ವಾಂಸರು ಎಚ್ಚರವಹಿಸಿದರು. ಫಲಕಗಳಲ್ಲಿ ‘ಮಕ್ಕಳು’ ಎಂಬುದನ್ನು ಸುಮೇರಿಯ ಲಿಪಿಯ ಸಂಕೇತದಿಂದ ಬರೆದಿರುವುದರಿಂದ ಅದನ್ನು ‘ಬಿನ್’ ಎಂದೇ ಓದಬೇಕೆಂಬ ನಿಶ್ಚಯವಿಲ್ಲ. ಮೇಲಾಗಿ ಕಾಲವೂ ದೇಶವೂ ದೂರದವು. ಆದರೂ ಒಂದು ಮಾತು ಸ್ಥಿರಪಟ್ಟಿತು. ಜನರ ಗುಂಪನ್ನು ಬಲಗಡೆಯವರು, ಎಡಗಡೆಯವರು ಎಂದು ದಿಕ್ಕಿನಿಂದ ಕರೆಯುವುದು ಆ ಭಾಗದ ಬಹು ಪುರಾತನವಾದ ಪದ್ಧತಿ.

ಇದನ್ನು ಮನಸ್ಸಿನಲ್ಲಿಟ್ಟು ಇಸ್ರಾಯೇಲರ ಹನ್ನೆರಡು ಕುಲಗಳ ಭೂಪಟವನ್ನು ನೋಡಿದರೆ, ಬೆನ್ಯಾಮೀನನ ಕುಲದವರ ನಾಡು ಒಂದು ಕಿರಿದಾದ ಪಟ್ಟಿಯಂತೆ ಕಾಣುತ್ತದೆ. ಅದರ ಉತ್ತರಕ್ಕೆ ಯೋಸೇಫನ ಮಗನಾದ ಎಫ್ರಾಯೀಮನ ಕುಲ, ದಕ್ಷಿಣಕ್ಕೆ ಯೆಹೂದನ ಕುಲ. ಎಫ್ರಾಯೀಮ್ಯರ ಮಲೆನಾಡಿನಲ್ಲಿ ನಿಂತು ನೋಡಿದವನಿಗೆ ಇವರು ತೆಂಕಣ ನೆರೆಯವರು. ಆದುದರಿಂದ ಮೊದಲು ‘ತೆಂಕಣವರು’ ಎಂದು ಒಂದು ಕುಲಕ್ಕೆ ಹೆಸರಿದ್ದಿತು. ಆ ಕುಲಕ್ಕೆ ಒಬ್ಬ ಮೂಲಪುರುಷನನ್ನು ಕಲ್ಪಿಸಿ, ಅವನ ಹುಟ್ಟಿನ ಕಥೆಯನ್ನು ಆಮೇಲೆ ಹೇಳಿದರು ಎಂಬುದು ಆಧುನಿಕ ಪಂಡಿತರಲ್ಲಿ ಅನೇಕರ ಅಭಿಪ್ರಾಯ. ರಾಹೇಲಳ ಸಮಾಧಿಯ ವಿಷಯದಲ್ಲಿಯೂ ಇದಕ್ಕೆ ಪೋಷಕವಾದ ಒಂದು ಸಂಗತಿ ಇದೆ. ಆದಿಕಾಂಡವು ಎಫ್ರಾತವೆಂದರೆ ಬೇತ್ಲೆಹೇಮೇ ಎಂದು ವಿವರಿಸುತ್ತದೆ. ಆದರೆ ಸಮುವೇಲನ ಮೊದಲನೆಯ ಪುಸ್ತಕವು ಅವಳ ಸಮಾಧಿಯನ್ನು ಬೆನ್ಯಾಮೀನರ ಎಲ್ಲೆಯಲ್ಲಿ ಹೇಳುತ್ತದೆ. ತಾಯಿಯ ಗೋರಿಯನ್ನು ಮಗನ ಕುಲದವರು ತಮ್ಮ ನೆಲದಲ್ಲಿಯೇ ಗುರುತಿಸಿಕೊಂಡಿದ್ದರೆಂದು ತೋರುತ್ತದೆ.

ಹಾಗಾದರೆ ದಾರಿಯಲ್ಲಿ ಸತ್ತ ತಾಯಿಯ ಕಥೆ ಸುಳ್ಳೆ? ಹೆಸರಿನ ಮೂಲ ಒಂದು ದಿಕ್ಕು ಮಾತ್ರವೆ? ಇಲ್ಲಿ ಎರಡು ಪ್ರಶ್ನೆಗಳನ್ನು ಬೆರಸಕೂಡದೆಂದು ನನಗೆ ತೋರುತ್ತದೆ. ಹೆಸರು ಎಲ್ಲಿಂದ ಬಂತೆಂಬುದು ಒಂದು ಪ್ರಶ್ನೆ; ಅದನ್ನು ಹೊತ್ತವರು ಅದರಲ್ಲಿ ಏನನ್ನು ಕಂಡರೆಂಬುದು ಮತ್ತೊಂದು. ತೆಂಕಣವರೆಂಬ ಸಾಮಾನ್ಯವಾದ ಹೆಸರಿಗೆ ಕಥೆ ಕಟ್ಟಬೇಕಾಗಿದ್ದರೆ ಬಲಗೈಯ ಹೆಮ್ಮೆಯನ್ನು ಹೇಳಿ ಮುಗಿಸಬಹುದಾಗಿತ್ತು. ತಮ್ಮ ಕುಲದ ಹೆಸರು ಒಂದು ಸಾವಿನ ಮೇಲೆ ಇಟ್ಟ ಎರಡನೆಯ ಹೆಸರು, ಅದರ ಕೆಳಗೆ ಬೆನೋನಿ ಎಂಬ ಮೊದಲನೆಯ ಹೆಸರು ಇದೆ ಎಂದು ಯಾರೂ ಅವರನ್ನು ಒತ್ತಾಯಪಡಿಸಿ ಹೇಳಿಸಿರಲಿಲ್ಲ. ಆದರೂ ಅವರು ಆ ಮಾತನ್ನು ಮರೆಯಲಿಲ್ಲ. ತಂದೆಯ ಹೆಸರು ಗೆದ್ದಿತು. ತಾಯಿಯ ಹೆಸರು ಗ್ರಂಥದಲ್ಲಿ ಉಳಿಯಿತು. ಹೀಗೆ ಸೋತ ಹೆಸರನ್ನೂ ಕಾಪಾಡಿಕೊಂಡು ಬಂದದ್ದೇ ಈ ಕಥೆಯ ದೊಡ್ಡತನ.

ಹೆಸರಿನ ಈ ಎರಡು ಮುಖಗಳೂ ಆ ಮಗುವಿನ ಬಾಳಿನಲ್ಲಿಯೂ ಅವನ ಕುಲದ ಚರಿತ್ರೆಯಲ್ಲಿಯೂ ಕಾಣಬರುತ್ತವೆ. ಯೋಸೇಫನು ಸತ್ತನೆಂದು ನಂಬಿದ ಯಾಕೋಬನು ಬೆನ್ಯಾಮೀನನನ್ನು ಕಣ್ಣಿನ ರೆಪ್ಪೆಯಂತೆ ಕಾಯುತ್ತಾನೆ. ಬರಗಾಲದಲ್ಲಿ ಧಾನ್ಯಕ್ಕಾಗಿ ಅಣ್ಣಂದಿರೊಡನೆ ಐಗುಪ್ತಕ್ಕೆ ಕಳುಹಿಸಲು ಒಪ್ಪುವುದಿಲ್ಲ. ಕಡೆಗೆ ಕಳುಹಿಸಿದಾಗ ಅವನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಸಿಕ್ಕಿ ಅವನು ಸೆರೆಯಾಗುವ ಪ್ರಸಂಗ ಒದಗುತ್ತದೆ. ಅಣ್ಣನಾದ ಯೆಹೂದನು ಇವನಿಗೆ ಬದಲಾಗಿ ತಾನೇ ದಾಸನಾಗಲು ಮುಂದೆ ಬರುತ್ತಾನೆ. ಇಷ್ಟೆಲ್ಲ ನಡೆದರೂ ಆದಿಕಾಂಡದಲ್ಲಿ ಎಲ್ಲಿಯೂ ಬೆನ್ಯಾಮೀನನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಎಲ್ಲರೂ ಅವನ ವಿಷಯವಾಗಿ ಮಾತನಾಡುತ್ತಾರೆ, ಅವನು ಸುಮ್ಮನಿರುತ್ತಾನೆ. ತನ್ನ ಹುಟ್ಟಿನಿಂದ ತಾಯಿ ಸತ್ತಳೆಂಬ ಭಾರವನ್ನು ಹೊತ್ತ ಮಗನ ಮೌನವೆಂದು ಓದುಗನು ಅದನ್ನು ಅರ್ಥಮಾಡಿಕೊಂಡರೆ ತಪ್ಪಾಗಲಾರದು.

ಅವನ ಕುಲದವರು ಮೌನಿಗಳಲ್ಲ, ಯೋಧರು. ಆದರೆ ಬಲಗೈಯ ಮಕ್ಕಳೆಂದು ಹೆಸರಾದ ಇವರಲ್ಲಿ ಎಡಚರೇ ಪ್ರಸಿದ್ಧರು! ನ್ಯಾಯಸ್ಥಾಪಕರ ಕಾಲದ ಏಹೂದನು ಎಡಗೈಯವನು. ಕತ್ತಿಯನ್ನು ಬಲತೊಡೆಯಲ್ಲಿ ಬಚ್ಚಿಟ್ಟುಕೊಂಡು ಹೋಗಿ ಮೋವಾಬಿನ ಅರಸನಾದ ಎಗ್ಲೋನನನ್ನು ಕೊಂದವನು ಅವನೇ. ಕೂದಲೆಳೆಯಷ್ಟು ಗುರಿಗೂ ತಪ್ಪದೆ ಕವಣೆಯ ಕಲ್ಲನ್ನು ಬೀಸಬಲ್ಲ 700 ಮಂದಿ ಎಡಚರು ಈ ಕುಲದಲ್ಲಿದ್ದರೆಂದು ಅದೇ ಪುಸ್ತಕವು ಹೇಳುತ್ತದೆ. ಮುಂದೆ ಗಿಬೆಯ ಊರಿನಲ್ಲಿ ನಡೆದ ಒಂದು ಘೋರ ಅನಾಚಾರದ ಕಾರಣವಾಗಿ ಉಳಿದ ಕುಲಗಳೆಲ್ಲ ಇವರ ಮೇಲೆ ಯುದ್ಧಕ್ಕೆ ಬಂದುವು. ಆ ಯುದ್ಧದಲ್ಲಿ ಅಳಿದುಳಿದು ಬಂಡೆಯ ಮರೆಗೆ ಸೇರಿದ ಗಂಡಸರು 600 ಮಂದಿ ಮಾತ್ರ ಎಂದು ಕಥೆ. ದುಃಖದ ಮಗನೆಂಬ ಹೆಸರು ನಿಜವಾಯಿತೋ ಎನ್ನುವಂತಾಯಿತು. ಆದರೆ ಅದೇ ಗಿಬೆಯದಿಂದ ಇಸ್ರಾಯೇಲರ ಮೊದಲನೆಯ ಅರಸನಾದ ಸೌಲನು ಬಂದನು. ಕ್ರಿ. ಪೂ. 722ರ ಸುಮಾರಿಗೆ ಅಸ್ಸೀರಿಯದವರು ಉತ್ತರದ ರಾಜ್ಯವನ್ನು ನಾಶಪಡಿಸಿದಾಗ, ಯೆಹೂದನ ಕುಲದೊಡನೆ ಉಳಿದುಕೊಂಡದ್ದು ಬೆನ್ಯಾಮೀನನ ಕುಲ. ಕ್ರಿ. ಪೂ. 586ರ ಸುಮಾರಿಗೆ ಬಾಬಿಲೋನಿಯದವರು ಜೆರೂಸಲೇಮನ್ನು ಸುಟ್ಟು ಜನರನ್ನು ಸೆರೆಯೊಯ್ದಾಗ, ಸೆರೆಯಾಳುಗಳನ್ನು ಕೂಡಿಹಾಕಿದ ಸ್ಥಳಗಳಲ್ಲಿ ಬೆನ್ಯಾಮೀನರ ನಾಡಿನ ರಾಮಾ ಎಂಬ ಊರೂ ಒಂದು. ಅದೇ ನಾಡಿನವನಾದ ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ, ಎಂದೋ ಸತ್ತ ರಾಹೇಲಳು ರಾಮಾದಲ್ಲಿ ತನ್ನ ಮಕ್ಕಳಿಗಾಗಿ ಅಳುತ್ತಾಳೆ. ಅವರು ಹಿಂದಿರುಗುವರೆಂಬ ಸಾಂತ್ವನವೂ ಅವಳಿಗೆ ದೊರೆಯುತ್ತದೆ. ಬೆನೋನಿ ಎಂದ ತಾಯಿಯ ಧ್ವನಿಯನ್ನು ಶತಮಾನಗಳು ಕಳೆದರೂ ಆ ಜನ ಮರೆತಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಅನಂತರ ಈ ಹೆಸರು ದೇಶದೇಶಗಳಲ್ಲಿ ಸಂಚರಿಸಿತು. 12ನೆಯ ಶತಮಾನದಲ್ಲಿ ಸ್ಪೇನಿನ ಟುಡೇಲ ಪಟ್ಟಣದ ಬೆನ್ಯಾಮೀನನೆಂಬ ಯೆಹೂದಿ ಪ್ರವಾಸಿಯು ಬಾಗ್ದಾದಿನವರೆಗಿನ ತನ್ನ ಸಮಾಜದವರ ಸ್ಥಿತಿಗತಿಗಳನ್ನು ಬರೆದಿಟ್ಟನು. ನಮ್ಮ ಪಶ್ಚಿಮ ಕರಾವಳಿಯ ಕೊಲ್ಲಂ ಪಟ್ಟಣದ ಮೆಣಸಿನ ವಿಷಯವೂ ಅವನ ಪುಸ್ತಕದಲ್ಲಿದೆ. ಅವನು ಅದನ್ನು ಕಂಡು ಬರೆದನೋ ಕೇಳಿ ಬರೆದನೋ ಎಂಬ ಚರ್ಚೆ ಮಾತ್ರ ಉಂಟು. ಮತಸುಧಾರಣೆಯ ಅನಂತರ ಇಂಗ್ಲೆಂಡಿನ ಪ್ಯೂರಿಟನ್ನರು ಸಾಧುಸಂತರ ಹೆಸರುಗಳನ್ನು ಬಿಟ್ಟು ಹಳೆಯ ಒಡಂಬಡಿಕೆಯ ಹೆಸರುಗಳನ್ನು ಹಿಡಿದಾಗ ಬೆಂಜಮಿನ್ನರ ಸಂಖ್ಯೆ ಹೆಚ್ಚಿತು. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಫ್ರಾಂಕ್ಲಿನ್ ತನ್ನ ತಂದೆಯ ಗಂಡುಮಕ್ಕಳಲ್ಲಿ ಕೊನೆಯವನು. ಯಾಕೋಬನ ಕಿರಿಯ ಮಗನ ಹೆಸರು ಅವನಿಗೆ ಒಪ್ಪಿತು. ಫ್ರೆಂಚ್ ಭಾಷೆಯಲ್ಲಂತೂ ಈ ಹೆಸರು ಅಂಕಿತನಾಮವಾಗಿ ನಿಲ್ಲದೆ, ಮನೆಯ ಕಿರಿಯ ಮಗು ಎಂಬ ಅರ್ಥದ ರೂಢಿಯ ಶಬ್ದವೇ ಆಗಿದೆ. ದುಃಖವೂ ಬಲಗೈಯೂ ದಿಕ್ಕೂ ಅಲ್ಲಿ ಮರೆತುಹೋಗಿ, ಮುದ್ದು ಮಾತ್ರ ಉಳಿದಿದೆ.

ನಮ್ಮ ನಾಡಿಗೆ ಈ ಹೆಸರು ಪಾದ್ರಿಗಳ ಮೂಲಕ ಬಂತು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಿಂದ ಬೆಂಗಳೂರಿನಲ್ಲಿ ನೆಲಸಿ ಅರ್ಧ ಶತಮಾನ ಕೆಲಸಮಾಡಿದರು. ಅದೇ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರ ಮಗನೇ ಬೆಂಜಮಿನ್ ಲೂಯಿಸ್ ರೈಸ್. ಮೈಸೂರು ಸೀಮೆಯ ಹಳ್ಳಿಹಳ್ಳಿಗಳಲ್ಲಿದ್ದ 8,000ಕ್ಕೂ ಮಿಕ್ಕ ಶಾಸನಗಳನ್ನು ಪ್ರತಿಮಾಡಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಪ್ರಕಟಿಸಿದವರು ಅವರೇ. ಆ ಶಾಸನಗಳಲ್ಲಿ ದಾನಶಾಸನಗಳಿರುವಂತೆಯೇ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಇವೆ. ಸತ್ತವರ ಹೆಸರು ಅಳಿಯಬಾರದೆಂದು ಉಳಿದವರು ನಿಲ್ಲಿಸಿದ ಕಲ್ಲುಗಳು ಅವು. ದಕ್ಷಿಣದ ಮಗನೆಂಬ ಅರ್ಥದ ಹೆಸರನ್ನು ಹೊತ್ತು ದಕ್ಷಿಣದಲ್ಲಿಯೇ ಹುಟ್ಟಿದವರೊಬ್ಬರು ಇಲ್ಲಿಯ ಕಲ್ಲುಗಳನ್ನು ಓದಿಸಿದರೆಂಬುದು ಕೇವಲ ಕಾಕತಾಳೀಯ. ಆದರೂ ನೆನೆದರೆ ಮನಸ್ಸಿಗೆ ಹಿತವಾಗುತ್ತದೆ.

ಯಾಕೋಬನು ಹೆಂಡತಿಯ ಸಮಾಧಿಯ ಮೇಲೆ ನಿಲ್ಲಿಸಿದ ಕಲ್ಲು ಯಾವುದೆಂದು ಇಂದು ಯಾರೂ ತೋರಿಸಲಾರರು. ಆದರೆ ಅಂದು ಅವನು ಎರಡು ಸ್ಮಾರಕಗಳನ್ನು ನಿಲ್ಲಿಸಿದನು: ಒಂದು ಕಲ್ಲು, ಇನ್ನೊಂದು ಹೆಸರು. ಕಲ್ಲು ಸತ್ತವಳಿಗೆ, ಹೆಸರು ಬದುಕಬೇಕಾದ ಮಗುವಿಗೆ. ಹುಟ್ಟಿದ ದಿನವೇ ತಾಯಿಯ ಮರಣದ ಹೆಸರನ್ನು ಹೊತ್ತು ಮಗುವು ಬಾಳಬಾರದೆಂದು ತಂದೆ ಬಯಸಿದನು; ಅದು ನ್ಯಾಯವೇ. ಆದರೆ ಪ್ರಾಣ ಬಿಡುವಾಗ ಹೆತ್ತವಳು ಆಡಿದ ಮಾತನ್ನು ಮರೆಯುವುದೂ ನ್ಯಾಯವಲ್ಲವೆಂದು ಕಥೆ ಹೇಳಿದವನು ಬಗೆದನು. ಅದರಿಂದಲೇ ಬೆಂಜಮಿನ್ ಎಂಬ ಹೆಸರಿನ ಹಿಂದೆ, ಯಾರೂ ಕರೆಯದ, ಆದರೆ ಯಾರೂ ಅಳಿಸದ ಇನ್ನೊಂದು ಹೆಸರು ಇಂದಿಗೂ ಉಳಿದಿದೆ.